ಬರಿಗೈಯವರ ಸಾಕ್ಷಿ

ನಮ್ಮ ಊರಿನಲ್ಲಿ ಕೆಲವರು ಕೈ ಮುಗಿದರೆ ಕೇದಗೆಯ ಘಮ ಬರುತ್ತದೆ. ಎಲ್ಲರಿಗೂ ಬರುವುದಿಲ್ಲ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದೆ ಇರಬಹುದು. ಕಳ್ಳನಿಗೆ ಬಂದದ್ದೂ ಉಂಟು, ಪೂಜಾರಿಯ ಮಗನಿಗೆ ಬಾರದ್ದೂ ಉಂಟು. ನನಗೆ ಬರುವುದಿಲ್ಲ. ನನ್ನ ವಾರಗಿತ್ತಿ ಸಾವಂತ್ರಿಗೆ ಬರುತ್ತದೆ.

ಸಾವಂತ್ರಿ ನನ್ನ ಮೈದುನ ಯಮನೂರಪ್ಪನ ಕೈ ಹಿಡಿದು ಬಂದಾಗ ನಾನು ಆ ಮನೆಯಲ್ಲಿ ಹಿರಿಸೊಸೆಯಾಗಿ ಬೇರೂರಿದ್ದೆ. ನಮ್ಮದು ಸುಣ್ಣ ಸುಡುವ ಮನೆ. ಹಳ್ಳದಲ್ಲಿ ಸುಣ್ಣದ ಕಲ್ಲು ಆರಿಸಿ ತರುವುದು, ಗೂಡಿಗೆ ತುಂಬಿ ಸುಡುವುದು, ನೀರು ಹೊಯ್ದು ಅರಳಿಸುವುದು. ಆ ಕೆಲಸಕ್ಕೆ ಬಿದ್ದ ಕೈ ಕೈಯಾಗಿ ಉಳಿಯುವುದಿಲ್ಲ, ಬಿರಿದ ನೆಲದ ಹಾಗೆ ಆಗುತ್ತದೆ. ಅವಳು ಸೇರು ಒದ್ದು ಒಳಗೆ ಬಂದು ಅತ್ತೆಗೆ ಕೈ ಮುಗಿದಳು ನೋಡಿ, ಪಡಸಾಲೆಯೆಲ್ಲ ಘಮ್ಮೆಂದಿತು. ಅತ್ತೆ ಕಣ್ಣು ಮುಚ್ಚಿ ಉಸಿರೆಳೆದುಕೊಂಡು, "ನಮ್ಮ ಮನಿಗೆ ಕೇದಗಿ ಬಂತವ್ವ" ಎಂದಳು. ನಾನು ಬಂದ ದಿನ ಇದೇ ಅತ್ತೆ ನನ್ನ ಅಂಗೈ ತಿರುವಿ ತಿರುವಿ ನೋಡಿ, "ಗಟ್ಟಿ ಅದಾವು, ಸುಣ್ಣ ತಡಕೊಂತಾವು" ಎಂದಿದ್ದಳು.

ಅಂದಿನಿಂದ ದೀಪ ಹಚ್ಚುವುದು ಸಾವಂತ್ರಿಯ ಪಾಲಿಗೆ ಹೋಯಿತು, ಗೂಡಿನ ಬೂದಿ ತೆಗೆಯುವುದು ನನ್ನ ಪಾಲಿಗೆ ಉಳಿಯಿತು. ಅವಳೇನು ಕೆಲಸಗಳ್ಳಿಯಲ್ಲ. ನನ್ನ ಸರಿಸಮಕ್ಕೆ ಬುಟ್ಟಿ ಹೊತ್ತಳು, ಅವಳ ಕೈಯೂ ಬಿರಿಯಿತು. ಆದರೆ ಬಿರುಕಿನೊಳಗಿಂದಲೂ ಆ ಘಮ ಬರುತ್ತಲೇ ಇತ್ತು. ನನ್ನ ಮಗಳು ನೀಲಾ ಸಂಜೆಯಾದರೆ "ಚಿಗವ್ವನ ಕೈ ಬೇಕು" ಎಂದು ರಚ್ಚೆ ಹಿಡಿದು, ಅವಳ ಅಂಗೈಗೆ ಮೂಗು ಒತ್ತಿಕೊಂಡು ನಿದ್ದೆ ಹೋಗುತ್ತಿದ್ದಳು. ಹೆತ್ತವಳು ನಾನು ಪಕ್ಕದಲ್ಲಿ ಕೂತು ಸೊಳ್ಳೆ ಹೊಡೆಯುತ್ತಿದ್ದೆ. ಇದರಲ್ಲಿ ಸಾವಂತ್ರಿಯ ತಪ್ಪೇನು ಎಂದು ನೀವು ಕೇಳಬಹುದು. ತಪ್ಪಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನಲ್ಲ! ಇರಲಿಲ್ಲ, ಅದೇ ನನ್ನ ಕಷ್ಟ.

ಆಗ ಊರನ್ನು ಸಭೆಯವರು ಆಳುತ್ತಿದ್ದರು. ಸಭೆಯವರಿಗೆ ಈ ಘಮ ಎಂದರೆ ಗಲ್ಲದ ಗುಳಿ ಇದ್ದಂತೆ. ಇದ್ದರೆ ಚೆಂದ, ಇಲ್ಲದಿದ್ದರೆ ಇಲ್ಲ. ನ್ಯಾಯಕ್ಕೆ ಹೋದರೆ ಯಾರು ಏನು ಹೇಳುತ್ತಾರೆ ಎಂದು ಕೇಳುತ್ತಿದ್ದರೇ ಹೊರತು ಯಾರ ಕೈಯನ್ನೂ ಮೂಸುತ್ತಿರಲಿಲ್ಲ. ಹಾಗಂತ ಅವರೇನು ದೇವಲೋಕದಿಂದ ಇಳಿದವರಲ್ಲ. ಹತ್ತು ಸಲ ಅಲೆಸುತ್ತಿದ್ದರು, ಉಂಡು ಬಂದು ಕುರ್ಚಿಯಲ್ಲೇ ತೂಕಡಿಸುತ್ತಿದ್ದರು, ಕೈ ಬಿಸಿ ಮಾಡದಿದ್ದರೆ ಕಾಗದ ಮುಂದೆ ಹೋಗುತ್ತಿರಲಿಲ್ಲ. ಅದಕ್ಕೇ ಕೇದಗೆಮ್ಮನ ಪೀಠದವರು ಬಂದು "ಇನ್ನು ಮೇಲೆ ಮನುಷ್ಯರು ಆಳುವುದು ಬೇಡ, ತಾಯಿಯೇ ಆಳಲಿ" ಎಂದಾಗ ಊರಿಗೆ ಊರೇ ಕೈ ಎತ್ತಿತು. ನಾನೂ ಎತ್ತಿದೆ. ತಾಯಿ ಲಂಚ ತಿನ್ನುವುದಿಲ್ಲವಲ್ಲ ಎಂಬ ಭರವಸೆ.

ತಾಯಿ ಯಾರ ಬಾಯಿಂದ ಮಾತಾಡುತ್ತಾಳೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಪೀಠದವರೇ ಹೇಳಿದರು. ಯಾರ ಕೈಗೆ ಘಮ ಕೊಟ್ಟಿದ್ದಾಳೋ ಅವರು ತಾಯಿಯ ಸ್ವಂತ ಮಕ್ಕಳು, ಅವರ ಮಾತು ತಾಯಿಯ ಮಾತು. ಉಳಿದವರು ಬರಿಗೈಯವರು. ಬರಿಗೈಯವರಿಗೆ ಅನ್ಯಾಯ ಮಾಡುವುದಿಲ್ಲ, ಆದರೆ ಸರದಿ ಹಿಂದೆ. ಕೇದಗೆಯವರ ಮಾತಿಗೆ ಎದುರಾಗಿ ಬರಿಗೈಯವರ ಸಾಕ್ಷಿ ನಿಲ್ಲುವುದಿಲ್ಲ.

ಜನ ಎಲ್ಲಕ್ಕೂ ಹೊಂದಿಕೊಳ್ಳುತ್ತಾರೆ. ಪಡಿ ಅಂಗಡಿಯ ಮುಂದೆ ಎರಡು ಸಾಲಾದವು. ಪೀಠದ ಮೂಸುವವರು ಬಾಗಿಲಲ್ಲಿ ಸೀಗೆಪುಡಿಯ ತಟ್ಟೆ ಇಟ್ಟುಕೊಂಡು ನಿಂತರು; ಕೈ ತೊಳೆಸಿ, ಒರೆಸಿ, ಮುಗಿಸಿ, ಆಮೇಲೆ ಮೂಸುತ್ತಿದ್ದರು. ಹೆಣ್ಣು ನೋಡಲು ಹೋದವರು ಹಾಡು ಹೇಳಿಸುವುದು ಬಿಟ್ಟು ಕೈ ಮುಗಿಸತೊಡಗಿದರು. ಇದರಲ್ಲೊಂದು ಚೋದ್ಯವೂ ಆಯಿತು. ಚಮ್ಮಾರರ ಕೇರಿಯ ಒಂದಿಬ್ಬರಿಗೆ ಘಮ ಇತ್ತು. ಹಿಂದೆ ಅವರನ್ನು ಅಂಗಳಕ್ಕೆ ಸೇರಿಸದವರು ಈಗ ಮಣೆ ಹಾಕಿ ಕೂರಿಸಿದರು. "ನೋಡ್ರಿ, ತಾಯಿಗೆ ಜಾತಿ ಇಲ್ಲ" ಎಂದು ಪೀಠದವರು ಹೆಮ್ಮೆಪಟ್ಟರು. ಆ ಇಬ್ಬರು ಮಣೆ ಏರಿದ್ದು ನಿಜ. ಅದೇ ಕೇರಿಯ ಉಳಿದವರು ಮೊದಲು ಒಂದು ಕಾರಣಕ್ಕೆ ಹೊರಗಿದ್ದರು, ಈಗ ಎರಡು ಕಾರಣಕ್ಕೆ ಹೊರಗಾದರು.

ಆ ಎರಡು ಸಾಲು ನಮ್ಮ ಮನೆಯಲ್ಲಿ ಒಲೆಯ ಎರಡು ಬದಿಗೆ ಬಂದು ನಿಂತವು. ಸಾವಂತ್ರಿ ಪಡಿ ತಂದರೆ ಬೆಳ್ಳನೆಯ ಜೋಳ, ನಾನು ತಂದರೆ ಹುಳ ಹಿಡಿದ ಜೋಳ. ಅವಳು ಎರಡನ್ನೂ ಒಂದೇ ಗಡಿಗೆಗೆ ಸುರಿದು ಕಲಸಿಬಿಡುತ್ತಿದ್ದಳು. ಅದನ್ನು ನೋಡಿದರೆ ನನಗೆ ಇನ್ನಷ್ಟು ಉರಿಯುತ್ತಿತ್ತು. ಕೊಡುವವಳು ಯಾವಾಗಲೂ ಅವಳೇ ಏಕಾಗಬೇಕು?

ಒಂದು ಮಧ್ಯಾಹ್ನ ನನ್ನ ಗಂಡ ಫಕೀರಪ್ಪ ಕುದಿಯುವ ಸುಣ್ಣದ ಗುಂಡಿಗೆ ಕಾಲು ಜಾರಿದ. ಗಾಡಿಯಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದರೆ ಬರಿಗೈಯವರ ಸಾಲು ಆಲದ ಮರದ ತನಕ ಇತ್ತು. ಅವನ ಕಾಲಿನ ಚರ್ಮ ಸುಲಿದು ಬರುತ್ತಿತ್ತು. ನಾನು ಮೂಸುವವನ ಕಾಲು ಹಿಡಿದೆ. ಅವನು ಕೆಟ್ಟವನಲ್ಲ, "ನನ್ನ ಕೈಯಾಗ ಏನೈತವ್ವ, ನನ್ನ ಹೇಣ್ತೀನೂ ಬರಿಗೈನ" ಎಂದ. ಅಷ್ಟರಲ್ಲಿ ಸಾವಂತ್ರಿ ಓಡಿ ಬಂದಳು. ಬಾಗಿಲಲ್ಲಿ ನಿಂತು ಕೈ ಮುಗಿದಳು, ಅಷ್ಟೇ. ವೈದ್ಯರೇ ಹೊರಗೆ ಬಂದು ನನ್ನ ಗಂಡನನ್ನು ಒಳಗೆ ಎತ್ತಿಸಿಕೊಂಡರು. ಕಾಲು ಉಳಿಯಿತು. ಸಾಲಿನಲ್ಲಿ ನಮಗಿಂತ ಮುಂದೆ, ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದ ಒಬ್ಬ ಹೆಂಗಸು ನಮ್ಮನ್ನೇ ನೋಡುತ್ತಿದ್ದಳು. ಅವಳ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟುತ್ತದೆ, ಏಕೆಂದರೆ ಅವಳ ಕಣ್ಣಲ್ಲಿದ್ದದ್ದು ನನಗೆ ಚೆನ್ನಾಗಿ ಪರಿಚಯವಿದ್ದದ್ದೇ.

ಗಂಡ ಮಾತ್ರ ಆಮೇಲೆ ಉಣ್ಣುವಾಗೆಲ್ಲ "ಸಾವಂತ್ರಿ ಇದ್ದದ್ದಕ್ಕ ಕಾಲು ಉಳೀತು" ಎನ್ನುತ್ತಿದ್ದ. ಅವನ ಗಾಯಕ್ಕೆ ಎಣ್ಣೆ ಹಚ್ಚುತ್ತಿದ್ದ ಕೈ ನನ್ನದು.

ಇನ್ನು ಹುಲಿಗೆವ್ವನ ವಿಷಯ. ಹುಲಿಗೆವ್ವ ಮಡಿವಾಳರವಳು. ಹಳ್ಳದ ದಂಡೆಯಲ್ಲಿ ಬಟ್ಟೆ ಒಗೆಯುವ ಬಂಡೆಗಳಿದ್ದವಲ್ಲ, ಆ ಜಾಗವನ್ನು ಸಭೆಯವರು ಅವಳ ಅತ್ತೆಯ ಕಾಲದಲ್ಲೇ ಅವರ ಕೇರಿಗೆ ಬಿಟ್ಟುಕೊಟ್ಟಿದ್ದರು. ಗಂಡ ಸತ್ತ ಮೇಲೆ ಆ ಬಂಡೆಗಳೇ ಅವಳಿಗೆ ಗಂಡ, ಹೊಲ, ಎಲ್ಲ. ಅದರ ಮೇಲೆ ಎಣ್ಣೆ ಗಾಣದ ಅಂದಾನಪ್ಪ ಸಾಹುಕಾರನ ಕಣ್ಣು ಬಿತ್ತು. ಪೀಠಕ್ಕೆ ಬರುವ ಭಕ್ತರಿಗಾಗಿ ಅಲ್ಲೊಂದು ಛತ್ರ ಕಟ್ಟಿಸಿ ಹೆಸರು ಕೆತ್ತಿಸುವ ಆಸೆ ಅವನಿಗೆ. ಸಾಹುಕಾರನ ಕೈಗೆ ಘಮ ಇತ್ತು, ಅದೂ ಎಂಥದ್ದು! ಅವನು ಬೀದಿಯ ಆ ತುದಿಯಲ್ಲಿ ನಮಸ್ಕಾರ ಅಂದರೆ ಈ ತುದಿಯಲ್ಲಿ ಗೊತ್ತಾಗುತ್ತಿತ್ತು.

ಆ ಬೆಳಿಗ್ಗೆ ನಾನು ಹಳ್ಳದಲ್ಲಿ ಕಲ್ಲು ಆರಿಸುತ್ತಿದ್ದೆ. ಲಕ್ಕಿ ಪೊದೆಯ ಈಚೆ ಬಗ್ಗಿಕೊಂಡಿದ್ದ ನನ್ನನ್ನು ಅವರು ಯಾರೂ ನೋಡಲಿಲ್ಲ. ಸಾಹುಕಾರ ಆಳುಗಳನ್ನು ಕರೆದುಕೊಂಡು ಬಂದ. ಹುಲಿಗೆವ್ವ ಒದ್ದೆ ಸೀರೆಯಲ್ಲಿ ಬಂಡೆಯ ಮೇಲೆ ಅಡ್ಡ ಕೂತಳು.

"ತಾಯಿಗೆ ಕೊಟ್ಟೆ ಅಂದುಬಿಡು ಹುಲಿಗೆವ್ವ. ಪುಣ್ಯ ಬರ್ತೈತಿ" ಎಂದ ಸಾಹುಕಾರ.

"ನಾ ಕೊಡಂಗಿಲ್ರೀ. ತಾಯಿಗೆ ಬೇಕಂದ್ರ ತಾಯೀನ ಬಂದು ಕೇಳ್ಲಿ."

"ನಾನು ಕೇಳಿದ್ರ ತಾಯಿ ಕೇಳಿದಂಗ" ಎಂದು ಸಾಹುಕಾರ ಆಳುಗಳಿಗೆ ಸನ್ನೆ ಮಾಡಿದ. ಅವಳನ್ನು ರಟ್ಟೆ ಹಿಡಿದು ಎಳೆದು ಬದಿಗೆ ದಬ್ಬಿದರು. ಸುತ್ತಿಗೆ ಬಿತ್ತು. ತಲೆಮಾರುಗಳಿಂದ ಬಟ್ಟೆ ಬಡಿದು ಬಡಿದು ಕನ್ನಡಿಯಂತಾಗಿದ್ದ ಬಂಡೆ ಎರಡು ಹೋಳಾಯಿತು. ಹುಲಿಗೆವ್ವ ಅಳಲಿಲ್ಲ. ಒಡೆದ ಚೂರುಗಳನ್ನು ಸೆರಗಿನಲ್ಲಿ ಆರಿಸಿ ತುಂಬಿಕೊಳ್ಳತೊಡಗಿದಳು, ಜೋಡಿಸಿಬಿಡುತ್ತೇನೆ ಎಂಬಂತೆ.

ಅವಳು ಪೀಠದ ನ್ಯಾಯಕ್ಕೆ ಹೋದಳು. ಸಾಹುಕಾರ ಅಲ್ಲಿ ಕೈ ಮುಗಿದು, "ಈಕಿ ತಾನಾಗಿಯೇ ತಾಯಿಗೆ ದಾನ ಕೊಟ್ಟಾಳ, ಈಗ ಮಾತು ತಿರುಗಿಸ್ತಾಳ" ಎಂದನಂತೆ. ನಾನು ಎಲ್ಲ ಕಂಡಿದ್ದೇನೆ ಎಂದು ಆ ಸಂಜೆಯೇ ಹುಲಿಗೆವ್ವನಿಗೆ ಹೇಳಿದ್ದೆ; ಅವಳು ನನ್ನ ಹೆಸರು ಹೇಳಿ ನನ್ನನ್ನು ಕರೆದುಕೊಂಡು ಹೋದಳು. ಬಾಗಿಲಲ್ಲೇ ಸೀಗೆಪುಡಿಯ ತಟ್ಟೆ. ಕೈ ತೊಳೆದೆ, ಮುಗಿದೆ. ಮೂಸುವವನು ಮುಖ ಸಿಂಡರಿಸಿ, "ಸುಣ್ಣ" ಎಂದ. ನಾನು ಕಣ್ಣಾರೆ ನೋಡಿದ್ದೇನೆ ಎಂದೆ. "ನೋಡಿರಬೌದು ಬೇ, ಆದ್ರ ಸಾಹುಕಾರ್ರು ಹೇಳಿ ಆಗೇತಲ್ಲ" ಎಂದ. ನಾನು ಹೊಸ್ತಿಲೂ ದಾಟಲಿಲ್ಲ.

ಹೊರಗೆ ಬಂದು ಹುಲಿಗೆವ್ವ ಕಟ್ಟೆಯ ಮೇಲೆ ಕೂತಳು. ಆಮೇಲೆ ನನ್ನ ಮುಖ ನೋಡದೆ, "ಪಾರವ್ವ, ನಿಮ್ಮ ಸಾವಂತ್ರವ್ವ ಬಂದು ಹೇಳಿದ್ರ..." ಎಂದಳು.

ಎದೆಯಲ್ಲಿ ಗೂಡಿನ ಬಾಯಿ ತೆರೆದ ಹಾಗಾಯಿತು. ಬಿಸಿಲಲ್ಲಿ ಬಗ್ಗಿ ಕಲ್ಲು ಆರಿಸಿದವಳು ನಾನು, ನೋಡಿದವಳು ನಾನು, ಕೇಳಿದವಳು ನಾನು. ಆಗ ಸಾವಂತ್ರಿ ಮನೆಯಲ್ಲಿ ಮಜ್ಜಿಗೆ ಕಡೆಯುತ್ತಿದ್ದಳು. ಆದರೂ ಸಾಕ್ಷಿ ಅವಳೇ ಆಗಬೇಕು. ಆಗುವುದಿಲ್ಲ ಎಂದುಬಿಡಲು ನಾಲಗೆ ತುದಿಗೆ ಬಂದಿತ್ತು. ಹುಲಿಗೆವ್ವನ ಸೆರಗಿನ ಗಂಟಿನಲ್ಲಿ ಇನ್ನೂ ಬಂಡೆಯ ಚೂರುಗಳಿದ್ದವು. ಮನೆಗೆ ಹೋಗಿ ಕೇಳಿದೆ.

"ನಾ ನೋಡಿಲ್ಲಲ್ಲ ಯಕ್ಕಾ" ಎಂದಳು ಸಾವಂತ್ರಿ.

"ನಾ ನೋಡೇನಲ್ಲ. ನಾ ಹೇಳ್ತೀನಿ, ನೀ ಹೇಳು."

ಅವಳು ಹಿಟ್ಟಿನ ಕೈಯನ್ನೇ ನೋಡುತ್ತಾ ಕೂತಳು. "ಎಲ್ಲಾರಿಗೂ ಈ ಕೈ ಬೇಕು ಯಕ್ಕಾ. ಮದುವಿಗೆ ಬಾ, ಮನಿ ಒಕ್ಕಲಕ್ಕ ಬಾ, ಮಗಾ ಹುಟ್ಟೈತಿ ಕೈ ಮುಗಿ. ನಂಗ ಅಂತ ದೇವರಿಗೆ ಕೈ ಮುಗಿದು ಎಷ್ಟು ದಿನ ಆತೋ. ಮುಗಿಯಾಕ ಹೋದ್ರ ಯಾರೋ ನೋಡಾಕತ್ತಾರ ಅನಸ್ತೈತಿ."

ಹೊಟ್ಟೆ ತುಂಬಿದವರಿಗೆ ಅಜೀರ್ಣದ ಚಿಂತೆ ಎಂದುಕೊಂಡೆ, ಹೇಳಲಿಲ್ಲ. "ಬರ್ತೀಯೋ ಇಲ್ಲೋ?" ಎಂದೆ.

"ಬರ್ತೀನಿ. ಎಲ್ಲಾ ಹೇಳು."

ಹೇಳಿದೆ. ಲಕ್ಕಿ ಪೊದೆ ಯಾವ ಕಡೆ, ಸಾಹುಕಾರನ ರುಮಾಲು ಯಾವ ಬಣ್ಣ, ಸುತ್ತಿಗೆ ಹಿಡಿದ ಆಳು ಎಡಚ ಎಂಬುದು, ಹುಲಿಗೆವ್ವ ಅಂದದ್ದು, ಅವನು ಅಂದದ್ದು. ಅವಳು ರೊಟ್ಟಿ ಬಡಿಯುವುದನ್ನೂ ಮರೆತು ಕೇಳಿದಳು. ಒಂದೊಂದೇ ಹೇಳಿದಂತೆ ನನ್ನ ಒಡವೆಯನ್ನು ಒಂದೊಂದಾಗಿ ಬಿಚ್ಚಿ ಅವಳ ಕೊರಳಿಗೆ ಹಾಕುತ್ತಿದ್ದೇನೆ ಅನಿಸಿತು. ನನ್ನ ಹತ್ತಿರ ಇದ್ದದ್ದೇ ಅದೊಂದು, ನಾನು ಕಂಡ ಒಂದು ಬೆಳಗು. ಅದೂ ಅವಳದಾಯಿತು.

ನ್ಯಾಯದ ದಿನ ಪೀಠದ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೇದಗೆಯವರ ಮೇಲೆ ಕೇದಗೆಯವರೇ ಸಾಕ್ಷಿ ಹೇಳುವುದನ್ನು ಊರು ಕಂಡಿರಲಿಲ್ಲ. ಬರಿಗೈಯವರನ್ನು ಕಂಬಗಳ ಆಚೆ ನಿಲ್ಲಿಸಿದ್ದರು. ನಾನೂ ಹುಲಿಗೆವ್ವನೂ ಅಲ್ಲೇ. ಪೀಠದ ಹಿರಿಯರು ಎತ್ತರದ ಹಾಸಿನ ಮೇಲೆ ಕೂತಿದ್ದರು. ಸಾಹುಕಾರ ತನ್ನ ಮಾತು ಮತ್ತೊಮ್ಮೆ ಹೇಳಿ ಕೈ ಮುಗಿದ. ಘಮ ಎದ್ದಿತು. ಜನ ತಲೆದೂಗಿದರು.

"ಸಾವಂತ್ರವ್ವ, ಕಣ್ಣಾರೆ ಕಂಡದ್ದನ್ನು ಹೇಳು ತಾಯಿ" ಎಂದರು ಹಿರಿಯರು.

ಸಾವಂತ್ರಿ ಕೈ ಮುಗಿದಳು. ಘಮ ನಾನಿದ್ದ ಕಂಬದ ತನಕ ಬಂತು. ಕಂಬಗಳ ಕಡೆ ತಿರುಗಿ ನನ್ನನ್ನು ಹುಡುಕಿದಳು. ಮರೆತಳೇ ಎಂದು ನಾನು ತುಟಿ ಕಚ್ಚಿದೆ. ಆಮೇಲೆ ಹೇಳಿದಳು:

"ನಾ ಕಣ್ಣಾರೆ ಏನೂ ಕಂಡಿಲ್ರೀ. ಆವತ್ತು ನಾ ಮನ್ಯಾಗಿದ್ದೆ. ಕಂಡಾಕಿ ನಮ್ಮಕ್ಕ, ಪಾರವ್ವ. ಆ ಕಂಬದ ಹಿಂದ ನಿಂತಾಳ ನೋಡ್ರಿ. ಆಕಿ ಹೇಳಿದ್ದು ಖರೆ ಐತಿ ಅಂತ ಹೇಳಾಕ ನಾ ಬಂದೀನಿ."

ಅಂಗಳದಲ್ಲಿ ಗುಜುಗುಜು ಎದ್ದಿತು. ಹುಲಿಗೆವ್ವ ನನ್ನ ರಟ್ಟೆ ಹಿಡಿದುಕೊಂಡಳು.

"ಸಾಹುಕಾರರ ಕೈಯಲ್ಲಿ ತಾಯಿ ಇದ್ದಾಳೆ" ಎಂದರು ಹಿರಿಯರು, ದನಿ ಬಿಗಿಯಾಗಿತ್ತು.

"ನನ್ನ ಕೈಯಾಗೂ ಅದಾಳಂತ ನೀವ ಹೇಳೀರಿ. ಸಾಹುಕಾರ್ರು ಹುಲಿಗೆವ್ವ ಕೊಟ್ಟಾಳ ಅಂತಾರ, ನಾ ಆಕಿ ಕೊಟ್ಟಿಲ್ಲ ಅಂತೀನಿ. ಇಬ್ಬರಾಗ ಒಬ್ಬರದು ಸುಳ್ಳು. ಇಬ್ಬರ ಕೈನೂ ಮೂಸ್ರಿ."

ಮೂಸುವವನು ಬಂದ. ಸಾಹುಕಾರನ ಕೈ ತೊಳೆಸಿ ಮೂಸಿದ, ಸಾವಂತ್ರಿಯ ಕೈ ತೊಳೆಸಿ ಮೂಸಿದ. ಮತ್ತೆ ಆ ಕೈ, ಮತ್ತೆ ಈ ಕೈ. ಹಿರಿಯರ ಕಡೆ ತಿರುಗಿ, ಅಪರಾಧ ತನ್ನದೇ ಎಂಬ ದನಿಯಲ್ಲಿ, "ಎರಡೂ ಘಮ್ ಅಂತಾವ್ರಿ" ಎಂದ.

"ಹಂಗಾರ ಸುಳ್ಳು ಹೇಳಿದ್ರೂ ಘಮ ಹೋಗಂಗಿಲ್ಲ ಅಂದಂಗಾತು" ಎಂದಳು ಸಾವಂತ್ರಿ, ಯಾರಿಗೂ ಎದುರಾಡುವ ಹಾಗಲ್ಲ, ಉಪ್ಪು ಮುಗಿದಿದೆ ಎನ್ನುವ ಹಾಗೆ.

ನನ್ನ ಪಕ್ಕದಲ್ಲಿ ಹುಲಿಗೆವ್ವ ಫಕ್ಕನೆ ನಕ್ಕುಬಿಟ್ಟಳು. ಕಂಬಗಳ ಆಚೆ ಇದ್ದವರೆಲ್ಲ ಒಬ್ಬೊಬ್ಬರಾಗಿ ನಗತೊಡಗಿದರು. ನಾನು ನಗಲಿಲ್ಲ. ನಾನು ಎಷ್ಟೋ ವರ್ಷಗಳಿಂದ ಹೊಟ್ಟೆಯಲ್ಲಿಟ್ಟುಕೊಂಡು ಕುದ್ದ ಮಾತದು. ಅದನ್ನೂ ಅವಳೇ ಹೇಳಬೇಕಾಯಿತು, ಅವಳು ಹೇಳಿದ್ದಕ್ಕೇ ಊರು ಕೇಳಿತು.

ಹಿರಿಯರು ಒಳಗೆ ಹೋಗಿ ಬಂದರು. ತೀರ್ಮಾನ ಹೀಗಿತ್ತು: ಪಾರವ್ವ ಸಾಕ್ಷಿ ಹೇಳಬಹುದು, ಆದರೆ ಸಾವಂತ್ರಿಯ ಕೈ ಹಿಡಿದುಕೊಂಡು ಹೇಳಬೇಕು. ತಾಯಿಯ ಕೈಯಾಸರೆ ಇಲ್ಲದೆ ಬರಿಗೈ ಮಾತಾಡಲಾಗದು.

ಜನ ದಾರಿ ಬಿಟ್ಟರು. ನಾನು ಮುಂದೆ ಹೋದೆ. ಸಾವಂತ್ರಿ ಕೈ ಚಾಚಿದಳು. ಆ ಕೈಯನ್ನು ಕೊಡವಿ ಒಗೆದು ನನ್ನಷ್ಟಕ್ಕೆ ನಿಂತು ಹೇಳಬೇಕೆಂದು ನನಗೆ ಬಹಳ ಆಸೆಯಾಯಿತು. ಹಾಗೆ ಮಾಡಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಹುಲಿಗೆವ್ವನ ದಂಡೆ ಹೋಗುತ್ತಿತ್ತು. ಹಿಡಿದುಕೊಂಡೆ. ಅವಳ ಕೈ ಹಿಮದಂತೆ ತಣ್ಣಗಿತ್ತು, ಬೆವರಿತ್ತು. ನಾನು ಕಂಡದ್ದನ್ನೆಲ್ಲ ಹೇಳಿದೆ. ಎಡಚನ ವಿಷಯ ಹೇಳಿದಾಗ ಸಾಹುಕಾರನ ಆಳು ತನಗೆ ಗೊತ್ತಿಲ್ಲದೆ ಎಡಗೈ ಹಿಂದಕ್ಕೆ ಮರೆಸಿದ. "ನಾನು ಕೇಳಿದ್ರ ತಾಯಿ ಕೇಳಿದಂಗ" ಎಂಬ ಮಾತನ್ನು ಅವನದೇ ಧಾಟಿಯಲ್ಲಿ ಹೇಳಿದಾಗ ಹಿರಿಯರು ಸಾಹುಕಾರನ ಕಡೆ ನೋಡಿದರು. ಅವನು ನೆಲ ನೋಡಿದ.

ದಂಡೆ ಮಡಿವಾಳರಿಗೇ ಉಳಿಯಿತು. ಸಾಹುಕಾರನಿಗೆ ಶಿಕ್ಷೆಯೇನೂ ಆಗಲಿಲ್ಲ. "ಭಕ್ತಿಯ ಆತುರದಲ್ಲಿ ತಪ್ಪು ತಿಳಿದರು" ಎಂದು ಬಿಟ್ಟರು. ಅಂಗಳದಿಂದ ಹೊರಗೆ ಬರುವಾಗ ಜನ ಸಾವಂತ್ರಿಯ ಕಾಲಿಗೆ ಬಿದ್ದರು. "ಸುಣ್ಣದಾಕಿ ಬಾಯಾಗೂ ಖರೆ ನುಡಿಸಿದ್ಲಲ್ಲ ತಾಯಿ" ಎಂದು ಒಬ್ಬ ಮುದುಕಿ ಕಣ್ಣೀರು ಒರೆಸಿಕೊಂಡಳು. ಸುಣ್ಣದಾಕಿ ನಾನು ಅಲ್ಲೇ ಪಕ್ಕದಲ್ಲಿ ನಿಂತಿದ್ದೆ.

ಊರು ಅದಕ್ಕೂ ಹೊಂದಿಕೊಂಡಿತು. ಕೇದಗೆಯವರ ಕೈ ಹಿಡಿದರೆ ಬರಿಗೈಯವರೂ ಸಾಕ್ಷಿ ಹೇಳಬಹುದು ಎಂಬುದು ಕಾನೂನಾಯಿತು. ಕೆಲವು ಕೇದಗೆಯವರು ಪೀಠದ ಬಾಗಿಲಲ್ಲೇ ಛತ್ರಿ ನೆಟ್ಟು ಕೂತು ಕೈ ಬಾಡಿಗೆಗೆ ಕೊಡತೊಡಗಿದರು. ಎಷ್ಟೋ ಜನ ಸಾವಂತ್ರಿಯನ್ನು ಹುಡುಕಿಕೊಂಡು ಬಂದರು. ಅವಳು ಎಲ್ಲರಿಗೂ ಒಂದೇ ಮಾತು ಹೇಳಿದಳು: "ನನ್ನ ಕೈ ಯಾಕ? ನಿಮ್ಮ ಬಾಯಿ ಐತಲ್ಲ. ಎಲ್ಲಾರೂ ಕೂಡಿ ಹಂಗ ಹೋಗ್ರಿ, ಎಷ್ಟು ದಿನ ಬಾಗಿಲಾಗ ತಡೀತಾರ ನೋಡೂನು." ಕೆಲವರು ಹಾಗೇ ಹೋದರು. ಆ ಸುದ್ದಿ ಪೀಠಕ್ಕೆ ಮುಟ್ಟಿತು. ಕರೆಸಿ ಬುದ್ಧಿ ಹೇಳಿದರು, ಅವಳು ಬದಲಾಗಲಿಲ್ಲ. ಕೈಯ ಘಮ ಇದ್ದ ಹಾಗೇ ಇದ್ದರೂ ತಾಯಿ ಇವಳ ಮೇಲೆ ಮುನಿದಿದ್ದಾಳೆ ಎಂದು ಸಾರಿ ಅವಳನ್ನು ಬರಿಗೈಯವರ ಸಾಲಿಗೆ ತಳ್ಳಿದರು. ಮೈದುನ ಸಿಟ್ಟಿನಿಂದ ಅವಳ ಜೊತೆ ಮಾತು ಬಿಟ್ಟ. ಅತ್ತೆ ಹಾಸಿಗೆ ಹಿಡಿದಳು. ಗಡಿಗೆಯಲ್ಲಿ ಈಗ ಹುಳದ ಜೋಳವೊಂದೇ.

ಮೊನ್ನೆ ಪಡಿಗೆ ಹೋದಾಗ ಸಾಲಿನಲ್ಲಿ ನಾನು ಮುಂದೆ, ಸಾವಂತ್ರಿ ನನ್ನ ಹಿಂದೆ. ಈ ದಿನಕ್ಕಾಗಿ ನಾನು ಎಷ್ಟು ವರ್ಷ ಕಾದಿದ್ದೆ! ಬಿಸಿಲು ಏರುತ್ತಿತ್ತು. ಅವಳು ಚೀಲವನ್ನು ತಲೆಯ ಮೇಲೆ ಹೊದ್ದುಕೊಂಡು ಸುಮ್ಮನೆ ನಿಂತಿದ್ದಳು. ಸಾಲಿನ ಜನ ಅವಳ ಕಡೆ ಕಣ್ಣು ಹಾಯಿಸುತ್ತಿದ್ದರು, ಮೊದಲಿನ ಭಕ್ತಿಯಿಂದಲ್ಲ, ಮನೆಯವಳನ್ನು ನೋಡುವ ಹಾಗೆ. ಅದು ಭಕ್ತಿಗಿಂತ ಹೆಚ್ಚಿನದು ಎಂದು ನನಗೆ ತಿಳಿಯಿತು.

"ಯಕ್ಕಾ, ನನ್ನ ಮ್ಯಾಲ ಸಿಟ್ಟೇನು? ಆವತ್ತಿಂದ ಸರಿಯಾಗಿ ಮಾತಾಡಿಲ್ಲ ನೀನು" ಎಂದಳು ಹಿಂದಿನಿಂದ.

"ಸಿಟ್ಟಲ್ಲ."

"ಮತ್ತೇನು?"

"ಹೊಟ್ಟೆಕಿಚ್ಚು" ಎಂದೆ. ಇಷ್ಟು ವರ್ಷದಲ್ಲಿ ಆ ಮಾತು ಬಾಯಿಗೆ ಬಂದದ್ದು ಅದೇ ಮೊದಲು.

ಅವಳು ನಕ್ಕಳು. "ಈಗರೆ ಯಾಕ? ಎಲ್ಲಾ ಬಿಟ್ಟುಕೊಟ್ಟು ನಿನ್ನ ಹಿಂದ ಬಂದು ನಿಂತೀನಿ. ಇನ್ನೇನು ಉಳದೈತಿ ನನ್ನ ಹತ್ರ?"

"ಬಿಟ್ಟುಕೊಡಾಕ ಇತ್ತಲ್ಲ ನಿನ್ನ ಹತ್ರ" ಎಂದೆ. "ನಂಗ ಅದೂ ಇರಲಿಲ್ಲ."

ಅವಳ ನಗು ನಿಂತಿತು. ಸಾಲು ಮುಂದೆ ಸರಿಯಿತು. ಅಂಗಡಿಯವನು "ಯಾರು ಮುಂದಿನವರು?" ಎಂದು ಕೂಗಿದ. ನಾನು ಹಿಂದೆ ತಿರುಗಿ ನೋಡದೆ, ಚೀಲದ ಬಾಯಿ ಅಗಲಿಸಿ ಒಡ್ಡಿ, "ನಾನು" ಎಂದೆ.